ಪಾಚಿ ತುಳಿಯುವ ತೊಟ್ಟಿ

ಒಲೆ ಆರಲಿ ಎಂದು ಕಾಯುತ್ತ ಕಿಡಿಯಣ್ಣ ಅಡುಗೆಮನೆಯ ಬಾಗಿಲಲ್ಲಿ ಕೂತು ಆಗಲೇ ಒಂದು ಗಂಟೆಯಾಗಿತ್ತು. ಒಲೆಗೆ ಆರುವ ಮನಸ್ಸೇ ಇದ್ದಂತಿರಲಿಲ್ಲ. ಬೆಳಿಗ್ಗೆ ಅವನು ಬಂದಾಗ ಹೇಗಿತ್ತೋ ಹಾಗೇ, ಬೆರಳುದ್ದದ ನೀಲಿ ಉರಿ ಖಾಲಿ ಬರ್ನರಿನ ಮೇಲೆ ಕೂತಿತ್ತು.

ಅವನು ವೆಲ್ಡರ್. ಕೊಟ್ಟಿಗೆಯ ಹಿಂದಿನ ಗೋಬರ್ ಗ್ಯಾಸ್ ಗುಂಡಿಯಲ್ಲಿ ತೇಲುತ್ತಿರುವ ಹಳೆಯ ಗ್ಯಾಸ್ ಡ್ರಮ್ಮನ್ನು ಎತ್ತಿ, ಕೊಯ್ದು, ಅದರ ತಗಡಿನಿಂದ ಒಂದು ತೊಟ್ಟಿ ಮಾಡಿಕೊಡಲು ಬಂದಿದ್ದ. ಆದರೆ ಗ್ಯಾಸ್ ಇರುವ ಡ್ರಮ್ಮಿನ ಹತ್ತಿರ ಬೆಂಕಿ ಒಯ್ಯುವವನು ಒಂದೇ ಸಲ ಒಯ್ಯುತ್ತಾನೆ, ಎರಡನೆಯ ಸಲಕ್ಕೆ ಅವನಿರುವುದಿಲ್ಲ. ಅದಕ್ಕೇ ಒಳಗಿರುವುದೆಲ್ಲ ಒಲೆಯಲ್ಲಿ ಉರಿದು ಮುಗಿಯಬೇಕು, ಒಲೆ ತಾನಾಗಿ ಆರಬೇಕು. ಆಮೇಲೆ ಡ್ರಮ್ಮಿಗೆ ಸರಪಳಿ, ಆಮೇಲೆ ಒಂದಿಡೀ ದಿನ ಅದರೊಳಗೆ ನೀರು, ಕೊನೆಗೆ ಕೊಯ್ಯುವುದು. ಬದುಕಿನಲ್ಲಿ ಕಿಡಿಯಣ್ಣ ಆತುರಪಡದ ಕೆಲಸ ಇದೊಂದೇ. ಮಿಕ್ಕಿದ್ದರಲ್ಲೆಲ್ಲ ಕಾಲಿಗೆ ಬೆಂಕಿ ತಾಗಿದವನ ಅವಸರ. ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ.

"ಮೊಂಡು ಒಲೆ ಕಣೋ ಅದು," ಎಂದಳು ಪಾಚಿಯಕ್ಕ. ಅವಳು ಗೋಡೆಗೊರಗಿ, ಕಾಲು ಚಾಚಿ, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. "ಮೂವತ್ತು ವರ್ಷ ಉರಿದಿದೆ. ಇವತ್ತು ನೀನು ಬಂದು ಆರು ಅಂದ್ರೆ ಆರಿಬಿಡತ್ತಾ? ಚಹಾ ಕುಡೀತೀಯಾ?"

"ಈಗಷ್ಟೇ ಕುಡಿದ್ನಲ್ಲ ಅಕ್ಕ."

"ಇನ್ನೊಂದು ಕುಡಿ. ಉರಿ ಸುಮ್ನೆ ಹೋಗ್ತಿದೆ."

ಹೀಗೆ ಮೂರನೆಯ ಚಹಾ ಒಲೆಗೇರಿತು.

ಅವಳಿಗೆ ಪಾಚಿಯಕ್ಕ ಎಂಬ ಹೆಸರು ಬಿದ್ದದ್ದು ಗೇಲಿಗೆ. ಆಮೇಲೆ ಅದೇ ಮರ್ಯಾದೆಯ ಹೆಸರಾಯಿತು, ಈಗ ಅವಳ ನಿಜವಾದ ಹೆಸರು ಹೇಳಿದರೆ ಯಾರಪ್ಪಾ ಅದು ಎಂದು ಜನ ತಲೆ ಕೆರೆದುಕೊಳ್ಳುತ್ತಾರೆ. ಕೊಟ್ಟಿಗೆ ತೊಳೆದ ನೀರು ಎಲ್ಲರ ಮನೆಯಲ್ಲೂ ಚರಂಡಿ ಹಿಡಿದು ಹೋಗಿ, ಎಲ್ಲೋ ಮಡುಗಟ್ಟಿ, ಗಬ್ಬು ನಾರುತ್ತಿದ್ದ ಕಾಲವದು. ಹಾಲಿನ ಡೇರಿಯ ಗೋಡೆಗೆ ಯಾರೋ ಅಂಟಿಸಿದ್ದ ಒಂದು ಹಾಳೆ ಓದಿಕೊಂಡು ಬಂದ ಅವಳು ಆ ನೀರನ್ನು ಹಿತ್ತಲಿಗೆ ತಿರುಗಿಸಿ, ಮೊಣಕಾಲಾಳದ ಎರಡು ಹೊಂಡಗಳಲ್ಲಿ ನಿಲ್ಲಿಸಿದಳು. ಹತ್ತು ದಿನದ ಬಿಸಿಲಿಗೆ ನೀರು ಹಸಿರಾಯಿತು. ಆ ಪಾಚಿಯನ್ನು ಹಳೆಯ ಬಟ್ಟೆಯಲ್ಲಿ ಸೋಸಿ, ಸಗಣಿಯ ಜೊತೆ ಗುಂಡಿಗೆ ಸುರಿದರೆ ಗ್ಯಾಸು. ಸೋಸಿದ ಮೇಲೆ ಉಳಿದ ನೀರು ಮೇವಿನ ಹೊಲಕ್ಕೆ. ನೀರು ಕದಡುತ್ತಿರಲೆಂದು ಅವಳ ಗಂಡ ಒಂದು ಹಳೆಯ ಸೈಕಲ್ಲಿನ ಹಿಂಚಕ್ರಕ್ಕೆ ಹಲಗೆ ಕಟ್ಟಿ ಹೊಂಡದ ದಡದಲ್ಲಿ ಹೂತುಕೊಟ್ಟ. ಬಂದ ನೆಂಟರೆಲ್ಲ ಅದರ ಮೇಲೆ ಕೂತು ಹತ್ತು ನಿಮಿಷ ಪೆಡಲು ತುಳಿದ ಮೇಲೇ ಅವರಿಗೆ ಊಟ.

ಎಂಥ ಬೆಳಗುಗಳು ಅವು! ಅವಳ ಪುಟ್ಟ ಮಗ ಎದ್ದವನೇ ಮುಖವನ್ನೂ ತೊಳೆಯದೆ ಗುಂಡಿಯ ಹತ್ತಿರ ಓಡಿ, "ಆರೂವರೆ ಗೆರೇ!" ಎಂದು ಕೂಗುತ್ತಿದ್ದ. ಗುಂಡಿಯ ಮೇಲೆ ಬೋರಲು ಹಾಕಿದ ಕಡಾಯಿಯಂತೆ ಡ್ರಮ್ಮು ತೇಲುತ್ತದೆ. ಗ್ಯಾಸು ತುಂಬಿದಷ್ಟೂ ಏಳುತ್ತದೆ, ಉರಿಸಿದಷ್ಟೂ ಇಳಿಯುತ್ತದೆ. ಅದರ ಮೈಮೇಲೆ ನಾಲ್ಕು ಬೆರಳಿಗೊಂದರಂತೆ ಒಂಬತ್ತು ಬಿಳಿ ಗೆರೆ. ಅಂದಿನ ಅಡುಗೆ ಏನು, ಸ್ನಾನಕ್ಕೆ ಬಿಸಿನೀರು ಉಂಟೋ ಇಲ್ಲವೋ ಎಲ್ಲವೂ ಆ ಕೂಗಿನಿಂದಲೇ ತೀರ್ಮಾನ. ಕಿಡಿಯಣ್ಣ ಈ ಮನೆಯ ಮುಂದೆ ಹಾದುಹೋಗುವಾಗಲೆಲ್ಲ ಆ ಕೂಗಿಗೆ ಕಿವಿ ಕೊಡುತ್ತಿದ್ದ. ಮೂವತ್ತು ವರ್ಷವಾದರೂ ಆ ಅಭ್ಯಾಸ ಅವನನ್ನು ಬಿಟ್ಟಿಲ್ಲ. ಕಾರಣವೂ ಇತ್ತು, ಆದರೆ ಅದನ್ನು ಅವನು ಹೆಂಡತಿಗೂ ಹೇಳಿದವನಲ್ಲ.

ಕೊಟ್ಟಿಗೆಯ ಕಡೆಯಿಂದ ಪಾಚಿಯಕ್ಕನ ಸೊಸೆ ಬಂದಳು. ಬಾಯಲ್ಲಿ ಟೇಪು, ಎರಡು ಕೈಯಲ್ಲೂ ಉದ್ದನೆಯ ಕಬ್ಬಿಣದ ಪೈಪು. ಈಗ ದನ, ಹೊಂಡ, ಗುಂಡಿ ಎಲ್ಲ ಅವಳ ಉಸ್ತುವಾರಿ. ಗಂಡ ಹಾಲಿನ ಕ್ಯಾನು ಹೇರಿಕೊಂಡು ಡೇರಿಗೆ ಹೋಗಿ ಬರುವುದರಲ್ಲೇ ಮಧ್ಯಾಹ್ನವಾಗುತ್ತದೆ. ತುಕ್ಕು ಹಿಡಿದ ಕಬ್ಬಿಣದ ಡ್ರಮ್ಮು ಸಾಕು ಎಂದು ಪಕ್ಕದಲ್ಲಿ ಹೊಸ ಗುಂಡಿ ತೋಡಿಸಿ ಫೈಬರಿನದು ಹಾಕಿಸಿದವಳೂ ಅವಳೇ.

"ಕಿಡಿಯಣ್ಣ, ಪೈಪು ಇಲ್ಲಿಟ್ಟಿದ್ದೀನಿ," ಎಂದು ಅವಳು ಪೈಪನ್ನು ಗೋಡೆಗೆ ಒರಗಿಸಿದಳು. "ತೊಟ್ಟಿ ಐದಡಿ ಅಗಲ ಇರ್ಲಿ. ಸುತ್ತಲೂ ಸೊಂಟದೆತ್ತರಕ್ಕೆ ಹಿಡಿಕೆ ಬರ್ಬೇಕು. ಒಬ್ಬರೇ ನಿಂತು ಪಾಚಿ ತುಳಿದ್ರೂ ಜಾರಬಾರ್ದು. ಹೋದ ತಿಂಗಳು ಸಿಮೆಂಟ್ ತೊಟ್ಟೀಲಿ ಬಿದ್ದು ಸೊಂಟ ಹಿಡ್ಕೊಂಡಿತ್ತು ನಂದು."

"ಆಗ್ಲಮ್ಮ."

"ಚೆನ್ನಾಗಿ ಮಾಡಿ. ನೋಡೋಕೆ ಆರು ಮನೆಯವರು ಬರ್ತಾರೆ. ಅವರಿಗೂ ಇಂಥದ್ದೇ ಬೇಕಂತೆ. ನಿಮಗೆ ವರ್ಷವಿಡೀ ಕೈತುಂಬ ಕೆಲಸ." ಅವಳು ನಗುತ್ತ ಅತ್ತೆಯ ಕಡೆ ನೋಡಿದಳು. "ಎಲ್ಲ ನಮ್ಮತ್ತೆ ಕಂಡುಹಿಡಿದ ವಿದ್ಯೆ. ತುಳಿದು ತುಳಿದು ಮಂಡಿ ಕಳ್ಕೊಂಡ್ರು, ಅದೇ ಬೇಜಾರು."

ಸೊಸೆ ಹೋದಳು. ಕಿಡಿಯಣ್ಣ ಗೋಡೆಗೊರಗಿದ ಪೈಪನ್ನೇ ನೋಡುತ್ತ ಕೂತ.

ಅವನಿಗೆ ಈಗ ಐವತ್ತನಾಲ್ಕು. ಈ ಡ್ರಮ್ಮು ಮಾಡುವಾಗ ಇಪ್ಪತ್ತನಾಲ್ಕು. ವರ್ಕ್‌ಶಾಪಿನ ಮೇಸ್ತ್ರಿ ಮೊದಲ ಸಲ, "ಇದನ್ನ ಪೂರ್ತಿ ನೀನೇ ಮಾಡು, ನಾನು ಕೈ ಹಾಕಲ್ಲ" ಎಂದು ಬಿಟ್ಟುಕೊಟ್ಟ ಕೆಲಸ ಅದು. ತಗಡು ಬಗ್ಗಿಸಿ, ಸುತ್ತು ಕೂಡಿಸಿ, ಮೇಲಿನ ಮುಚ್ಚಳಕ್ಕೆ ಬೆಸುಗೆ ಹಾಕುತ್ತ ಕೂತವನಿಗೆ ಪಕ್ಕದಲ್ಲಿ ಲೇತ್ ಯಂತ್ರ ನಡೆಸುವವನು, "ಇವತ್ತಿಗೆ ಮುಗಿಯೋ ಆಸಾಮಿ ಅಲ್ಲ ನೀನು" ಎಂದು ಕೆಣಕಿದ. ಊಟದ ಗಂಟೆಯೊಳಗೆ ಮುಗಿಸುತ್ತೇನೆ ನೋಡು ಎಂದು ಇವನು ತೊಡೆ ತಟ್ಟಿದ. ಕೊನೆಯ ಒಂದು ಗೇಣು ಇರುವಾಗ ಒಣಗಿದ ಬೆಸುಗೆ ರಾಡು ಮುಗಿಯಿತು. ಉಳಿದದ್ದು ಹಿಂದಿನ ದಿನ ನೀರು ಬಿದ್ದು ತೇವವಾಗಿದ್ದ ಕಟ್ಟು. ತೇವದ ರಾಡಿನ ಬೆಸುಗೆಯಲ್ಲಿ ಸಣ್ಣ ತೂತು ಉಳಿಯುತ್ತದೆ, ಒಲೆಯ ಮೇಲಿಟ್ಟು ಒಣಗಿಸಲು ಅರ್ಧ ಗಂಟೆ ಬೇಕಿತ್ತು. ಗಡಿಯಾರ ನೋಡಿದ, ಲೇತಿನವನ ಮುಖ ನೋಡಿದ, ತೇವದ ರಾಡಿನಲ್ಲೇ ಎಳೆದುಬಿಟ್ಟ. ಗಂಟೆ ಹೊಡೆಯುವ ಮೊದಲೇ ಮುಗಿಯಿತು. ಎಲ್ಲರೂ ಬೆನ್ನು ತಟ್ಟಿದರು. ಅವತ್ತಿನ ಊಟದಷ್ಟು ರುಚಿಯಾದ ಊಟವನ್ನು ಅವನು ಮತ್ತೆ ಉಂಡಿಲ್ಲ, ಅಷ್ಟು ತುಟ್ಟಿಯಾದದ್ದನ್ನೂ ಉಂಡಿಲ್ಲ.

ಡ್ರಮ್ಮು ಗುಂಡಿಗಿಳಿಯಿತು. ಒಲೆ ಹೊತ್ತಿತು. ಆದರೆ ಡ್ರಮ್ಮು ನಾಲ್ಕು ಗೆರೆಗಿಂತ ಮೇಲೇಳಲಿಲ್ಲ. ವಾರ ಕಳೆಯಿತು, ಎರಡು ವಾರ ಕಳೆಯಿತು, ನಾಲ್ಕೇ. ಪಾಚಿ ತಂದು ಸುರಿದದ್ದೇ ತಪ್ಪು ಎಂದರು ಎಲ್ಲ. ಪಾಚಿಯಕ್ಕನ ಅತ್ತೆಯಂತೂ, ಮನೆಯವರು ಅವರನ್ನು ಹಿರಿಯಮ್ಮ ಎನ್ನುತ್ತಿದ್ದರು, ಮೊದಲಿನಿಂದಲೇ ಮೂಗು ಮುರಿದವರು. ಹೊಂಡ ತೋಡಿದ ದಿನದಿಂದ ಸೊಸೆಯ ಜೊತೆ ಮಾತು ಬಿಟ್ಟಿದ್ದರು. ಹೇಳಬೇಕಾದದ್ದನ್ನು ಹಸುವಿಗೆ ಹೇಳುತ್ತಿದ್ದರು, ಸೊಸೆಗೆ ಕೇಳಿಸುವ ಹಾಗೆ: "ನೋಡಮ್ಮ, ನಿನ್ನ ಕೊಟ್ಟಿಗೆ ತೊಳೆದ ಕೊಚ್ಚೇನ ಕಷಾಯದ ಹಾಗೆ ಕಾಪಾಡೋರು ಬಂದಿದ್ದಾರೆ ನಮ್ಮನೆಗೆ."

ಅವಳ ಗಂಡ ಒಳ್ಳೆಯವನೇ, ಆದರೆ ಅಮ್ಮನಿಗೂ ಹೆಂಡತಿಗೂ ನಡುವೆ ಅರೆಯುವ ಕಲ್ಲಿಗೆ ಸಿಕ್ಕಿದ ಕಾಳು. ಕೊನೆಗೆ ಒಂದು ಮಾತು ಹೇಳಿದ: ಇನ್ನೊಂದು ತಿಂಗಳು ನೋಡೋಣ, ಆರು ಗೆರೆ ದಾಟದಿದ್ದರೆ ಹೊಂಡ ಮುಚ್ಚಿ ಮೇವು ಹಾಕೋಣ. ಒಮ್ಮೆ ವರ್ಕ್‌ಶಾಪಿಗೂ ಬಂದು ಮೇಸ್ತ್ರಿಯನ್ನು ಕೇಳಿದ, ಬೆಸುಗೆ ಏನಾದರೂ ಬಿಟ್ಟಿರಬಹುದೇ ಎಂದು.

"ನಮ್ಮ ಶಾಪಿನ ಬೆಸುಗೆ ಬಿಡೋದಾ? ನಿಮ್ಮ ಮನೆಯವರ ಪಾಚೀನ ಕೇಳಿ ಹೋಗಿ," ಎಂದ ಮೇಸ್ತ್ರಿ. ಕಿಡಿ ಅಲ್ಲೇ ಇದ್ದ, ಎರಡು ಮಾರು ದೂರದಲ್ಲಿ. ಆ ಒಂದು ಗೇಣು ಅವನ ಕಣ್ಣ ಮುಂದೆ ಬಂತು. ಬಾಯಿ ತೆರೆದರೆ ಕೆಲಸ ಹೋಗುತ್ತದೆ, ಮಾನ ಹೋಗುತ್ತದೆ, ಲೇತಿನವನು ಸಾಯುವ ತನಕ ಆಡಿಕೊಂಡು ನಗುತ್ತಾನೆ. ನಾಲಿಗೆ ಕಚ್ಚಿಕೊಂಡು ಹೆಲ್ಮೆಟ್ಟು ಮುಖಕ್ಕೆಳೆದುಕೊಂಡ.

ಐದು ದಿನ ತಡೆದ. ಆರನೆಯ ದಿನ ಒಂದು ಡಬ್ಬಿ ಬಣ್ಣ, ಒಂದು ಉಂಡೆ ಪುಟ್ಟಿ, ಸ್ವಲ್ಪ ಡಾಂಬರು ಚೀಲದಲ್ಲಿ ಹಾಕಿಕೊಂಡು ಈ ಮನೆಗೆ ಬಂದ. "ಮೇಸ್ತ್ರಿ ಕಳಿಸಿದ್ದಾರೆ, ಡ್ರಮ್ಮಿಗೆ ಇನ್ನೊಂದು ಕೋಟು ಬಣ್ಣ" ಎಂದ. ಮುಚ್ಚಳದ ಬೆಸುಗೆ ಬೆರಳಲ್ಲಿ ಸವರುತ್ತ ಹೋಗಿ, ಸೂಜಿಮೊನೆಯಷ್ಟು ತೂತು ಕಂಡ ಕಡೆ ಪುಟ್ಟಿ ಒತ್ತಿ, ಡಾಂಬರು ಬಳಿದು, ಮೇಲೆ ಬಣ್ಣ ಹೊಡೆದ. ಮರುವರ್ಷ ಗುಂಡಿ ತೊಳೆಯಲು ಡ್ರಮ್ಮು ಎತ್ತಿದಾಗ ತಾನಾಗಿಯೇ ಬಂದು ಅಲ್ಲಿಗೆ ಸರಿಯಾದ ಬೆಸುಗೆಯನ್ನೂ ಹಾಕಿದ.

ಬಣ್ಣ ಹೊಡೆದ ನಾಲ್ಕನೆಯ ದಿನಕ್ಕೆ ಡ್ರಮ್ಮು ಎಂಟು ಗೆರೆ ಎದ್ದು ನಿಂತಿತು. ಊರಿಗೆ ಊರೇ ನೋಡಲು ಬಂತು. ಕಿಡಿಯೂ ಬಂದ, ಏನೂ ಗೊತ್ತಿಲ್ಲದವನ ಹಾಗೆ. ಆಗಲೇ ಅವನಿಗೆ ಗೊತ್ತಾದದ್ದು. ಅದೇ ವಾರ ಪಾಚಿಯಕ್ಕ ಹೊಸದೊಂದು ಕೆಲಸ ಶುರುಮಾಡಿದ್ದಳು. ಪಾಚಿಯನ್ನು ಹಾಗೇ ಸುರಿದರೆ ಗುಂಡಿಯಲ್ಲಿ ಕರಗುವುದಿಲ್ಲ, ಅದರ ಮೈ ಗಟ್ಟಿ, ಒಡೆದು ಹಾಕಬೇಕು ಎಂದು ತಾನೇ ಯೋಚಿಸಿ, ಸಿಮೆಂಟಿನ ತೊಟ್ಟಿಯಲ್ಲಿ ಬಿಸಿನೀರು ಬೆರೆಸಿ ಅರ್ಧ ಗಂಟೆ ಕಾಲಲ್ಲಿ ತುಳಿಯತೊಡಗಿದ್ದಳು. ಡ್ರಮ್ಮು ಎದ್ದದ್ದು ತುಳಿತದಿಂದಲೇ ಎಂದು ಎಲ್ಲರೂ ಒಪ್ಪಿದರು. ಒಪ್ಪದೆ ಏನು? ಬೇರೆ ಕಾರಣ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಬೀಳದ ಹಾಗೆ ಒಬ್ಬ ಅದರ ಮೇಲೆ ಬಣ್ಣ ಬಳಿದಿದ್ದ.

ಒಂದು ಮನೆಯಿಂದ ಎರಡು, ಎರಡರಿಂದ ಹತ್ತು. ಈಗ ಮೂವತ್ತು ಮನೆಯ ಹಿತ್ತಲಲ್ಲಿ ಹೊಂಡವಿದೆ, ಮೂವತ್ತು ಮನೆಯಲ್ಲೂ ಪಾಚಿ ತುಳಿಯುತ್ತಾರೆ. ಹಿರಿಯಮ್ಮ ಆರು ವರ್ಷದ ಹಿಂದೆ ತೀರಿಕೊಳ್ಳುವ ತನಕ ಅತ್ತೆ ಸೊಸೆ ಇಬ್ಬರೂ ದಿನಾ ತುಳಿದರು. ದಾರಿಯಲ್ಲಿ ಹೋಗುವಾಗ ಕಿಡಿಯಣ್ಣ ನೋಡುತ್ತಿದ್ದ: ಇಬ್ಬರು ಹೆಂಗಸರು, ಸೀರೆ ಎತ್ತಿ ಕಟ್ಟಿ, ಹಸಿರು ಕೆಸರಿನಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು, ಎಡ ಬಲ, ಎಡ ಬಲ. ನೋಡಿದವರಿಗೆ ನಗು ಬರುವ ನೋಟ, ಅವನು ಮಾತ್ರ ಮುಖ ತಿರುಗಿಸಿ ಹೋಗುತ್ತಿದ್ದ. ತನ್ನ ಒಂದು ಗೇಣಿನ ಅವಸರಕ್ಕೆ ಇವರು ದಿನಕ್ಕೆ ಅರ್ಧ ಗಂಟೆ ದಂಡ ಕಟ್ಟುತ್ತಿದ್ದಾರೆ, ಜೀವಮಾನವಿಡೀ.

ಈಗ ಆ ಮಂಡಿ ಕಣ್ಣ ಮುಂದೆಯೇ ಇತ್ತು. ಊದಿಕೊಂಡು, ಎಣ್ಣೆ ಹಚ್ಚಿ ಹೊಳೆಯುತ್ತ. ತುಳಿಯಲು ತೊಟ್ಟಿ ಮಾಡಿಕೊಡು ಎಂದು ಕರೆದದ್ದೂ ಅವನನ್ನೇ, ಅದೂ ಅದೇ ಡ್ರಮ್ಮಿನ ತಗಡಿನಿಂದ. ಇಷ್ಟು ದಿನ ಸುಮ್ಮನಿದ್ದದ್ದು ಒಂದು ಪಾಪ; ಇನ್ನು ಮುಂದೆ ಆ ಸುಳ್ಳಿನಿಂದಲೇ ಹೊಟ್ಟೆ ಹೊರೆಯುವುದು ಎಂದರೆ ಅವನಿಗೇ ಅಸಹ್ಯವಾಯಿತು. ಆದರೆ ಹೇಳಿದರೆ? ಊರೆಲ್ಲ ಮೆಚ್ಚಿಕೊಂಡ ವಿದ್ಯೆ ಅವಳದು. ಅದು ವಿದ್ಯೆಯಲ್ಲ, ನನ್ನ ಡಾಂಬರು ಎಂದು ಅರವತ್ತೆರಡು ವರ್ಷದ ಹೆಂಗಸಿಗೆ ಯಾವ ಬಾಯಲ್ಲಿ ಹೇಳುವುದು?

ಒಲೆಯ ಉರಿ ಬೆರಳಿನ ಅರ್ಧಕ್ಕೆ ಇಳಿದಿತ್ತು. ಅದು ಆರಿದರೆ ಡ್ರಮ್ಮು ಎತ್ತಬೇಕು, ಎತ್ತಿದರೆ ಕೊಯ್ಯಬೇಕು. ಕೊಯ್ದರೆ ಆ ಜಾಗವೂ ತುಂಡಾಗಿ ಹೋಗುತ್ತದೆ, ಆಮೇಲೆ ತೋರಿಸಲು ಏನೂ ಉಳಿಯುವುದಿಲ್ಲ.

"ಅಕ್ಕ," ಎಂದ. "ನಿಮಗೊಂದು ವಿಷಯ ಹೇಳ್ಬೇಕು. ಹೇಳಿದ್ಮೇಲೆ ನೀವು ಉಗಿದ್ರೂ ಸರಿ."

"ಚಹಾ ಕೊಟ್ಟವರು ಉಗಿಯಲ್ಲ. ಹೇಳು."

ಹೇಳಿದ. ತೇವದ ರಾಡಿನಿಂದ ಹಿಡಿದು ಪುಟ್ಟಿಯ ಉಂಡೆಯ ತನಕ, ಮೇಸ್ತ್ರಿಯ ಮಾತಿನ ಮುಂದೆ ತಾನು ಬಾಯಿಗೆ ಬೀಗ ಹಾಕಿಕೊಂಡದ್ದರ ತನಕ, ಒಂದನ್ನೂ ಮುಚ್ಚದೆ ಹೇಳಿದ. ಅವಳ ಮುಖ ನೋಡುವ ಧೈರ್ಯವಿಲ್ಲದೆ ಇಡೀ ಕಥೆಯನ್ನು ಒಲೆಗೇ ಹೇಳಿದ ಎನ್ನಬೇಕು. ಕೊನೆಗೆ, "ಡ್ರಮ್ಮು ಎದ್ದದ್ದು ನಿಮ್ಮ ತುಳಿತದಿಂದ ಅಲ್ಲ ಅಕ್ಕ. ನಿಮ್ಮ ಮಂಡಿ ಹೋಗಿದ್ದು ನನ್ನಿಂದ," ಎಂದ. ಐವತ್ತನಾಲ್ಕರ ಗಂಡಸು, ಚಹಾದ ಲೋಟ ಹಿಡಿದುಕೊಂಡು ಅತ್ತ.

ಪಾಚಿಯಕ್ಕ ಎಣ್ಣೆಯ ಬಾಟಲಿಗೆ ಬಿರಡೆ ಹಾಕಿ ಪಕ್ಕಕ್ಕಿಟ್ಟಳು.

"ಗ್ಯಾಸ್ ಪೈಪಿನಿಂದ ಬಲಕ್ಕೆ ಒಂದು ಗೇಣು," ಎಂದಳು. "ಮುಚ್ಚಳದ ಅಂಚಿನಲ್ಲಿ. ಅಲ್ವಾ?"

ಕಿಡಿಯಣ್ಣ ತಲೆಯೆತ್ತಿ ನೋಡಿದ.

"ದಿನಕ್ಕೊಂದು ಸಲ ಡ್ರಮ್ಮು ತಬ್ಬಿ ತಿರುಗಿಸ್ತಿದ್ದೋಳು ನಾನು, ಒಳಗೆ ಕೆನೆಗಟ್ಟಬಾರದು ಅಂತ. ನನಗೆ ಗೊತ್ತಾಗಲ್ವಾ? ನೀನು ಬರೋ ಹಿಂದಿನ ದಿನ ಬೆಳಿಗ್ಗೆ. ಬಟ್ಟೆ ಒಗೆದು ಬಂದಿದ್ದೆ, ಕೈ ತುಂಬ ಸೋಪಿನ ನೊರೆ. ಡ್ರಮ್ಮು ತಿರುಗಿಸುವಾಗ ನೊರೆ ಅಲ್ಲಿ ಅಂಟಿತು. ಅಂಟಿದ್ದು ಗುಳ್ಳೆ ಆಯ್ತು, ಒಡೀತು, ಮತ್ತೆ ಗುಳ್ಳೆ ಆಯ್ತು. ನಾನು ಅಲ್ಲೇ ಕೂತು ಮಕ್ಕಳ ಹಾಗೆ ನೋಡಿದೆ ಕಣೋ. ಅಯ್ಯೋ ನನ್ನ ಪಾಚಿ ತಪ್ಪಲ್ಲ, ಈ ತೂತಿನ ತಪ್ಪು ಅಂತ ಕುಣಿಯೋ ಹಾಗಾಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳೋಳೇ ಇದ್ದೆ. ಸಾಯಂಕಾಲ ಇವರು ಬರ್ಲಿ, ಅತ್ತೆ ಎದುರಿಗೇ ಹೇಳಿ ಅವರ ಮುಖ ನೋಡ್ಬೇಕು ಅಂತ ಕಾದಿದ್ದೆ. ಅಷ್ಟೊಳಗೆ ಮಧ್ಯಾಹ್ನ ತೊಟ್ಟಿಗಿಳಿದೆ. ತುಳಿಯೋಕೆ ಶುರುಮಾಡಿ ಮೂರು ದಿನ ಆಗಿತ್ತು, ಒಬ್ಬಳೇ. ಪಾಚಿ ಅಂದ್ರೆ ಗೊತ್ತಲ್ಲ, ಬೆಣ್ಣೆ ಮೇಲೆ ನಿಂತ ಹಾಗೆ. ಜಾರಿದೆ. ದಬಕ್ಕಂತ ಬಿದ್ದೆ, ತಲೆಗೂದಲೆಲ್ಲ ಹಸಿರು. ಎದ್ದೆ, ಮತ್ತೆ ಬಿದ್ದೆ. ಅತ್ತೆ ಕೊಟ್ಟಿಗೆ ಬಾಗಿಲಲ್ಲಿ ನಿಂತು ನೋಡ್ತಿದ್ರು. ಈಗ ಹಸುವಿಗೆ ಏನು ಹೇಳ್ತಾರೋ ಅಂತ ಕಾದೆ. ಹಸುವಿಗೆ ಏನೂ ಹೇಳ್ಲಿಲ್ಲ. ಸೀರೆ ಎತ್ತಿ ಸಿಕ್ಕಿಸಿಕೊಂಡ್ರು, ಬಂದ್ರು, ತೊಟ್ಟಿಗಿಳಿದ್ರು. ನನ್ನ ಎರಡೂ ಕೈ ಹಿಡ್ಕೊಂಡ್ರು. 'ಏಳು, ನೆಟ್ಟಗೆ ನಿಂತ್ಕೋ,' ಅಂದ್ರು."

ಪಾಚಿಯಕ್ಕ ತನ್ನ ಎರಡು ಅಂಗೈಗಳನ್ನು ನೋಡಿಕೊಂಡಳು. ಎಣ್ಣೆ ಮೆತ್ತಿದ, ಬೆರಳು ಸೊಟ್ಟಗಾದ ಕೈಗಳು.

"ಮದುವೆಯಾಗಿ ಒಂಬತ್ತು ವರ್ಷ ಆಗಿತ್ತು ಕಿಡಿ. ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. ಅವರಿಗೂ ಕಾಲು ಜಾರ್ತಿತ್ತು, ಬಿಡೋ ಹಾಗಿರ್ಲಿಲ್ಲ. ನಾನು ಬಿದ್ರೆ ಅವರೂ ಬೀಳ್ತಾರೆ, ಅವರು ಬಿದ್ರೆ ನಾನೂ. ಅರ್ಧ ಗಂಟೆ ಹಾಗೇ ಹಿಡ್ಕೊಂಡು ತುಳಿದ್ವಿ. ಮೊದಲು ಸುಮ್ನಿದ್ರು. ಆಮೇಲೆ ಅವರ ತವರಿನ ಕೆರೆ ವಿಷಯ ತೆಗೆದ್ರು. ಅವರಿಗೆ ತವರು ಅಂತ ಒಂದಿತ್ತು ಅನ್ನೋದೇ ನನಗೆ ಅಲ್ಲಿ ತನಕ ಹೊಳೆದಿರಲಿಲ್ಲ. ಸಾಯಂಕಾಲ ಇವರು ಬಂದ್ರು. ತೂತಿದೆ ಅಂತ ಹೇಳಿದ್ರೆ ಏನಾಗ್ತಿತ್ತು? ತುಳಿಯೋದು ಬೇಡ ಅಂತ ಆಗ್ತಿತ್ತು. ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ನೀನು ಬಣ್ಣದ ಡಬ್ಬಿ ಹಿಡ್ಕೊಂಡು ಬಂದೆ."

ಕಿಡಿಯಣ್ಣನ ಮುಖ ಇಂಗು ತಿಂದ ಮಂಗನಂತಾಗಿತ್ತು. "ಆಗ್ಲೇ ಗೊತ್ತಾಯ್ತಾ ನಿಮಗೆ?"

"ಕರೆಯದೆ ಬಂದು ಬಣ್ಣ ಹೊಡೆಯೋ ವೆಲ್ಡರನ್ನ ನಾನು ಅದಕ್ಕೆ ಮೊದಲು ನೋಡಿರ್ಲಿಲ್ಲಪ್ಪ." ಅವಳು ಕಿಸಕ್ಕೆಂದು ನಕ್ಕಳು. "ಡಾಂಬರಿನ ವಾಸನೆ ಈ ಅಡುಗೆಮನೆಗೇ ಬರ್ತಿತ್ತು. ಮರುವರ್ಷ ಬೆಸುಗೆ ಹಾಕೋಕೆ ಬಂದಾಗ, ಯಾರೂ ಹೇಳದೇನೇ ಸೀದಾ ಆ ಜಾಗಕ್ಕೇ ಹೋದೆ. ಕಳ್ಳ ಕೂಡ ಅಷ್ಟು ದಡ್ಡ ಇರಲ್ಲ."

ಕಿಡಿಯಣ್ಣನಿಗೆ ಹಗುರವಾಗಬೇಕಿತ್ತು. ಆಗಲಿಲ್ಲ, ಮೊದಲು ಸಿಟ್ಟೇ ಬಂತು. ಮೂವತ್ತು ವರ್ಷ ಅವನೊಬ್ಬನೇ ಹೊತ್ತುಕೊಂಡು ತಿರುಗಿದ ಹೊರೆ ಇದು, ಇವಳು ಇಲ್ಲಿ ಗೋಡೆಗೊರಗಿ ಕೂತು ನೋಡುತ್ತಿದ್ದಳಲ್ಲ!

"ಗೊತ್ತಿದ್ದೂ ನನಗೊಂದು ಮಾತು ಹೇಳ್ಲಿಲ್ವಲ್ಲ ಅಕ್ಕ!"

"ನೀನು ಹೇಳಿದ್ಯಾ?"

ಕಿಡಿಯಣ್ಣ ಲೋಟವನ್ನು ನೆಲಕ್ಕಿಟ್ಟ.

"ನಿನ್ನದಷ್ಟೇ ನನ್ನದೂ ತಪ್ಪು," ಎಂದಳು ಪಾಚಿಯಕ್ಕ, ಈಗ ನಗದೆ. "ನಮ್ಮ ಯಜಮಾನ್ರಿಗೆ ಅವರು ತೀರಿಹೋಗೋ ತನಕ ಹೇಳ್ಲಿಲ್ಲ. ಅದು ಚುಚ್ಚುತ್ತೆ, ಇಲ್ಲ ಅನ್ನಲ್ಲ. ಆದ್ರೆ ತುಳಿದಿದ್ದು ಪೂರ್ತಿ ದಂಡ ಅಂತ ತಿಳ್ಕೋಬೇಡ. ಒಂದು ಸಲ ಅತ್ತೆಗೆ ಜ್ವರ ಬಂದು ಎಂಟು ದಿನ ತುಳೀಲಿಲ್ಲ. ಡ್ರಮ್ಮು ಅರ್ಧ ಗೆರೆ ಇಳೀತು. ಶುರುಮಾಡಿದ್ಮೇಲೆ ಅರ್ಧ ಗೆರೆ ಏರ್ತು. ಅಂದ್ರೆ ಅರ್ಧ ಗೆರೆ ನಂದು. ಮಿಕ್ಕಿದ್ದು ನಿನ್ನ ಡಾಂಬರಿಂದು."

"ಅರ್ಧ ಗೆರೆಗೋಸ್ಕರ ಇಷ್ಟು ವರ್ಷ ತುಳಿದ್ರಾ?"

"ಗೆರೆಗೋಸ್ಕರ ಯಾರು ತುಳಿದ್ರು?" ಎಂದಳು. "ಜಗಳ ಆಡಿದ ದಿನಾನೂ ಹೊತ್ತಿಗೆ ಸರಿಯಾಗಿ ಇಳೀಲೇಬೇಕಿತ್ತು. ಮುಖ ಊದಿಸ್ಕೊಂಡೇ ಕೈ ಹಿಡೀಬೇಕು. ಅರ್ಧ ಗಂಟೆ ಮುಗಿಯೋದ್ರೊಳಗೆ ಊದಿದ್ದು ಇಳಿದಿರ್ತಿತ್ತು. ಇಪ್ಪತ್ನಾಲ್ಕು ವರ್ಷ. ಕೊನೇ ದಿನಗಳಲ್ಲಿ ಅವರಿಗೆ ಮಗ ಯಾರು ಮೊಮ್ಮಗ ಯಾರು ಅಂತ ಗೊತ್ತಾಗ್ತಿರ್ಲಿಲ್ಲ. ನಾನು ಕೈ ಹಿಡಿದ್ರೆ ಮಾತ್ರ ಮಲಗಿದಲ್ಲೇ ಪಾದ ಅಲ್ಲಾಡಿಸೋರು. ಎಡ, ಬಲ. ಎಡ, ಬಲ."

ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ, ಎಣ್ಣೆಯ ಕೈ. ಕಿಡಿಯಣ್ಣ ತನ್ನ ಹೆಗಲ ಮೇಲಿನ ಟವೆಲು ಕೊಟ್ಟ. ಗ್ರೀಸು ಮೆತ್ತಿದ ಟವೆಲು, ಆದರೂ ಅವಳು ತೆಗೆದುಕೊಂಡಳು. ದಾರಿಯಲ್ಲಿ ಹೋಗುತ್ತ ತಾನು ಅಷ್ಟು ಸಲ ನೋಡಿದ ನೋಟ ಅವನ ನೆನಪಿಗೆ ಬಂತು. ಅದೇ ಹಸಿರು ಕೆಸರು, ಅದೇ ಇಬ್ಬರು ಹೆಂಗಸರು. ಮುಖ ತಿರುಗಿಸುವ ಬದಲು ಒಂದು ಕ್ಷಣ ನಿಂತು ನೋಡಿದ್ದರೆ ಇಬ್ಬರೂ ನಗುತ್ತಿದ್ದದ್ದು ಕಾಣುತ್ತಿತ್ತೋ ಏನೋ. ಅಷ್ಟು ವರ್ಷ ತಾನು ಸರಿಯಾಗಿ ನೋಡಲೇ ಇಲ್ಲವಲ್ಲ ಎಂದು ಅವನಿಗೆ ದುಃಖವಾಯಿತು.

"ಮಿಕ್ಕ ಮನೆಯವರಿಗೆ?" ಎಂದು ಕೇಳಿದ. "ಅವರಿಗೆ ಹೇಳ್ಬೇಕಲ್ಲ."

"ಹೇಳೋಣ. ತುಳಿದ್ರೆ ಅರ್ಧ ಗೆರೆ, ಬಿಟ್ರೆ ನಷ್ಟ ಇಲ್ಲ ಅಂತ ನಾನೇ ಹೇಳ್ತೀನಿ. ಆಮೇಲೆ ಯಾರು ನಿಲ್ಲಿಸ್ತಾರೆ, ಯಾರು ತುಳೀತಾರೆ ನೋಡು. ಆ ಮನೆಗಳಲ್ಲೂ ಅತ್ತೆ ಸೊಸೆ ಇದ್ದಾರೆ."

ಅಷ್ಟರಲ್ಲಿ ಸೊಸೆ ಮತ್ತೆ ಬಂದಳು, ಕೈಯಲ್ಲಿ ಒಂದು ತುಂಡು ಸೀಮೆಸುಣ್ಣ. ಇಬ್ಬರ ಮುಖವನ್ನೂ ನೋಡಿ ಬಾಗಿಲಲ್ಲೇ ನಿಂತಳು. ಏನೋ ಆಗಿದೆ ಎಂದು ತಿಳಿಯಿತು, ಏನೆಂದು ಕೇಳುವಷ್ಟು ಸಲಿಗೆ ಅವಳಿಗೆ ಆ ಮನೆಯಲ್ಲಿ ಇನ್ನೂ ಬಂದಿರಲಿಲ್ಲ. ಮದುವೆಯಾಗಿ ಮೂರು ವರ್ಷ, ಅತ್ತೆಯ ಮಂಡಿ ಕೈಕೊಟ್ಟು ಎರಡು. ಅತ್ತೆಯ ಜೊತೆ ಅವಳು ಒಂದು ದಿನವೂ ಜಗಳವಾಡಿದವಳಲ್ಲ. ಅತ್ತೆ ಹೇಳಿದ್ದಕ್ಕೆಲ್ಲ ಹೂಂ ಎನ್ನುವಳು, ಹೊರಗೆ ಹೋಗಿ ಒಬ್ಬಳೇ ದುಡಿಯುವಳು. ಕೊಟ್ಟಿಗೆಯಲ್ಲಿ ಅವಳು ಹಸುವಿನ ಜೊತೆ ಗೊಣಗುವುದನ್ನು ಕಿಡಿಯಣ್ಣ ಬೆಳಿಗ್ಗೆ ಬರುವಾಗಲೇ ಕೇಳಿಸಿಕೊಂಡಿದ್ದ.

"ಒಲೆ ಆರಿತಲ್ಲ," ಎಂದಳು ಸೊಸೆ.

ಮೂವರೂ ತಿರುಗಿ ನೋಡಿದರು. ಬರ್ನರು ಬರಿದಾಗಿತ್ತು. ಯಾವಾಗ ಆರಿತೋ, ಅಷ್ಟು ಹೊತ್ತು ಅದನ್ನೇ ಕಾದವರಿಬ್ಬರೂ ಗಮನಿಸಿರಲಿಲ್ಲ. ಕಿಡಿಯಣ್ಣ ಎದ್ದು, ವಾಲ್ವು ತಿರುಗಿಸಿ ಮುಚ್ಚಿ, ಬರ್ನರಿನ ಮೇಲೆ ಒಂದು ಗಳಿಗೆ ಅಂಗೈ ಇಟ್ಟ. ಇನ್ನೂ ಬೆಚ್ಚಗಿತ್ತು.

ಸೊಸೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ದೊಡ್ಡ ವೃತ್ತ ಬರೆದಳು, ಅದರ ಸುತ್ತ ಇನ್ನೊಂದು. "ಇದು ತೊಟ್ಟಿ, ಐದಡಿ. ಇದು ಹಿಡಿಕೆ. ಒಬ್ಬಳೇ ತುಳಿಯೋದಲ್ವಾ ಕಿಡಿಯಣ್ಣ,  ಗಟ್ಟಿಯಾಗಿ ಹಿಡ್ಕೊಳ್ಳೋಕೆ ಏನಾದ್ರೂ ಬೇಕು."

"ಹಿಡಿಕೆ ಬೇಡ," ಎಂದಳು ಪಾಚಿಯಕ್ಕ.

"ಮತ್ತೆ ಬಿದ್ರೆ ಅತ್ತೆ?"

"ನಾನೂ ಇಳೀತೀನಿ."

"ನಿಮ್ಮ ಮಂಡಿ..."

"ಐದು ನಿಮಿಷ ಆದ್ರೆ ಐದು ನಿಮಿಷ. ನಿಂತ್ಕೊಂಡಿರ್ತೀನಿ, ನೀನು ತುಳಿ." ಅವಳು ಏಳಲು ನೋಡಿದಳು, ಮಂಡಿ ಒಪ್ಪಲಿಲ್ಲ, ಗೋಡೆ ಹಿಡಿದು ಅರ್ಧಕ್ಕೆ ನಿಂತಳು. "ಅವತ್ತು ಈ ಮನೆ ತೊಟ್ಟಿಗೆ ಹಿಡಿಕೆ ಇದ್ದಿದ್ರೆ ನಮ್ಮತ್ತೆ ನನ್ನ ಕೈ ಯಾಕೆ ಹಿಡೀತಿದ್ರು?"

ಸೊಸೆಗೆ ಆ ಮಾತು ಅರ್ಥವಾಗಲಿಲ್ಲ. ಆದರೆ ಅತ್ತೆ ಬೀಳುವ ಹಾಗೆ ಕಂಡಿತು. ಸೀಮೆಸುಣ್ಣ ಕೆಳಗೆ ಹಾಕಿ, ಬಂದು ಎರಡೂ ಕೈ ಹಿಡಿದು ಎತ್ತಿದಳು.

ಕಿಡಿಯಣ್ಣ ನೆಲಕ್ಕೆ ಬಿದ್ದ ಸೀಮೆಸುಣ್ಣ ಎತ್ತಿಕೊಂಡ. ಹೊರಗಿನ ವೃತ್ತವನ್ನು ಅಂಗೈಯಲ್ಲಿ ಒರೆಸಿದ. ಒಳಗಿನದನ್ನೂ ಒರೆಸಿ, ಅದಕ್ಕಿಂತ ಚಿಕ್ಕದೊಂದು ವೃತ್ತ ನಿಧಾನವಾಗಿ ಬರೆದ. ಎದುರುಬದುರು ನಿಂತರೆ ಒಬ್ಬರ ಕೈಗೊಬ್ಬರ ಕೈ ಎಟುಕುವಷ್ಟು, ಮೂರೂವರೆ ಅಡಿ. ಆಮೇಲೆ ಪೈಪನ್ನು ಹೊತ್ತು ಒಯ್ದು ಅದನ್ನು ತಂದ ಜಾಗದಲ್ಲೇ ಇಟ್ಟು, ಡ್ರಮ್ಮಿಗೆ ಸರಪಳಿ ಬಿಗಿಯಲು ಹೋದ.